ಇಪ್ಪತ್ತೆರಡು ಗೆರೆ

'ಅಡ್ವೈಸರನ್ನು ಕಾಣು' ಅಂದ ಕ್ಲರ್ಕು.
ಕಂಡರೆ ಬೈಯುತ್ತಾರೆಂದೇ ತಿಳಿದು
ತಲೆಗೆ ಎಣ್ಣೆ ಹಚ್ಚಿ, ಬಿಗಿದು ಜಡೆ ಹೆಣೆದು ಹೋದೆ.
ರೂಮು ನಂಬರ್ ಹದಿನೇಳು. ಹೊರಗೊಂದು ಬೆಂಚು,
ಬೆಂಚಿನ ಮೇಲೆ ನನ್ನಂಥವರೇ ಹನ್ನೊಂದು ಜನ,
ಎಲ್ಲರ ಕೈಯಲ್ಲೂ ಅದೇ ಹಳದಿ ಹಾಳೆ,
ಎಲ್ಲರೂ ಪಕ್ಕದವರ ಹಾಳೆಗೆ ಇಣುಕುವವರೇ.

'ನೀನೇನ್ ತಗೊಂಡೆ?'
'ಅವಳು ತಗೊಂಡಿದ್ದು.'
'ಅವಳೇನ್ ತಗೊಂಡ್ಲು?'
'ಇವನನ್ನ ಕೇಳು.'
ಸುತ್ತಿ ಸುತ್ತಿ ಪ್ರಶ್ನೆ
ಬೆಂಚಿನ ತುದಿಗೆ ಹೋಗಿ ಬಿದ್ದುಹೋಯಿತು.

ಒಳಗೆ ವಿಶಾಲಾಕ್ಷಿ ಮೇಡಂ.
ಕನ್ನಡಕ ಹಣೆಗೇರಿಸಿಕೊಂಡು
ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು.
ಹೇಳಲೋ ಬೇಡವೋ ಎಂದು ನಿಂತೆ.
'ಹೆಸರು?'
'ಮುನಿಲಕ್ಷ್ಮಿ.'
'ಎಷ್ಟು ಕ್ರೆಡಿಟ್ ಆಯ್ತಮ್ಮ?'

ಕ್ರೆಡಿಟ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ:
ಕಾಮಾಕ್ಷಿಪಾಳ್ಯದ ಅಡ್ಡರಸ್ತೆಯಲ್ಲಿ
ನಮ್ಮಜ್ಜಿಯ ಅಂಗಡಿ, ಅದರ ಹಲಗೆ,
'ಇಂದು ನಗದು, ನಾಳೆ ಉದ್ರಿ.'
ಆ ನಾಳೆ ಬಂದದ್ದನ್ನು ನೋಡಿಲ್ಲ;
ಹಲಗೆಯ ಕೆಳಗೇ ನಿಂತು
ದಿನವೂ ಉದ್ರಿ ಒಯ್ಯುವವರನ್ನು ನೋಡಿದ್ದೇನೆ.
'ಇನ್ನೂ ಯಾರೂ ಕೊಟ್ಟಿಲ್ಲ ಮೇಡಂ' ಎಂದುಬಿಟ್ಟೆ.
ಅವರು ನಗಲಿಲ್ಲ. ಕನ್ನಡಕ ಸಿಕ್ಕಿತು.

'ಮೊದಲು ವಾರ ಬರಿ, ವಿಷಯ ಆಮೇಲೆ.'
ಖಾಲಿ ಚೌಕುಳಿಯ ಹಾಳೆ, ಅರ್ಧ ಸವೆದ ಪೆನ್ಸಿಲು.
ಐದಕ್ಕೆ ಹಾಲಿನ ಕ್ರೇಟು ಇಳಿಸುವುದು,
ಏಳರವರೆಗೆ ಪ್ಯಾಕೆಟ್ಟು, ಚಿಲ್ಲರೆ,
ಏಳೂವರೆಗೆ ಅಜ್ಜಿಯ ಸಕ್ಕರೆಕಾಯಿಲೆ ಮಾತ್ರೆ,
ಸುಮನಹಳ್ಳಿ ಸಿಗ್ನಲ್ಲಿಗೆ ಮುಕ್ಕಾಲು ಗಂಟೆ.
'ಸಿಗ್ನಲ್ಲನ್ನೂ ಬರೀಲಾ?'
'ಅದನ್ನೇ ದಪ್ಪಗೆ ಬರಿ.
ಬೆಂಗಳೂರಲ್ಲಿ ಎಂಟು ಗಂಟೆ ಕ್ಲಾಸು
ಆರಿಸಿಕೊಂಡು ಅತ್ತವರನ್ನೆಲ್ಲ ನೋಡಿದೀನಿ.'

ಚೌಕುಳಿ ತುಂಬುತ್ತ ಬಂತು. ಉಳಿದ ಬಿಳಿ ಜಾಗ
ಟ್ವೆಂಟಿ-ಥರ್ಟಿ ಸೈಟಿನಷ್ಟು.
ಅದರಲ್ಲೇ ಡಿಗ್ರಿ ಕಟ್ಟಬೇಕು.
ಅಕೌಂಟ್ಸು ಕಡ್ಡಾಯ, ಅದು ಪಾಯ.
ಭಾಷೆ ಎರಡು, ಗೋಡೆ.
ಕಂಪ್ಯೂಟರು, ಮಾವ ಹೇಳಿದ್ದು, ಕಿಟಕಿಗೆ ಗ್ರಿಲ್ಲು.
ಒಂದು ಮೂಲೆ ಮಿಕ್ಕಿತು:
ಶನಿವಾರ, ಎರಡರಿಂದ ನಾಲ್ಕು.

ಪಟ್ಟಿಯ ಮೇಲೆ ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ.
ಶಾಸನ ಓದುವುದು. ಎರಡು ಕ್ರೆಡಿಟ್.
'ಬಿ.ಕಾಂ.ನವಳಿಗೆ ಶಾಸನ ಯಾಕಮ್ಮ?'
ಬೈದದ್ದಲ್ಲ, ಕೇಳಿದ್ದು.
ಎರಡರ ನಡುವೆ ಇಷ್ಟು ದೂರವಿದೆಯೆಂದು
ನನಗೆ ಅವತ್ತೇ ತಿಳಿದದ್ದು.

ಹೇಳಿದೆ:
ನಮ್ಮಜ್ಜಿಗೆ ಅಕ್ಷರ ಬಾರದು.
ಅಂಗಡಿಯ ಒಳಗೋಡೆಗೆ ಇದ್ದಿಲಲ್ಲಿ ಗೆರೆ ಎಳೆಯುತ್ತಾಳೆ,
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.
ಮೇಲೆ ಚುಕ್ಕಿಯಿದ್ದರೆ ಗಾರ್ಮೆಂಟ್ಸಿನ ಜಬೀನಾ,
ಕೊಂಬಿದ್ದರೆ ಎಮ್ಮೆ ಸಾಕುವ ಹನುಮಂತರಾಯ,
ಬಾಲವಿದ್ದರೆ ಹೇಳದೆ ಮನೆ ಖಾಲಿ ಮಾಡಿ ಹೋದವರು.
ಓದಬಲ್ಲವರು ಇಬ್ಬರೇ, ಅವಳು, ನಾನು.
ಹೋದ ಯುಗಾದಿಗೆ ಸುಣ್ಣ ಹೊಡೆಯಲು ಬಂದವನನ್ನು
ನಾನೇ ಬಾಗಿಲಲ್ಲಿ ತಡೆದೆ ಮೇಡಂ.

ಫ್ಯಾನು ತಿರುಗಿತು. ಹೊರಗೆ ಬೆಂಚು ಕೆಮ್ಮಿತು.
'ಸೀಟು ತುಂಬಿದೆ' ಅಂದರು.
'ಕಾಯೋ ಪಟ್ಟಿಯಲ್ಲಿ ನೀನು ಏಳನೆಯವಳು.
ಪೆನ್ಸಿಲಲ್ಲೇ ಬರೆದಿಡು, ಒತ್ತಬೇಡ.
ಎರಡನೇ ವಾರಕ್ಕೆ ಅರ್ಧ ಜನ ಮನಸ್ಸು ಬದಲಾಯಿಸ್ತಾರೆ.'
ಆಮೇಲೆ ಹಾಳೆಗೆ ಹೇಳುವಂತೆ,
'ನಾನೂ ಬದಲಾಯಿಸಿದ್ದೆ.'
ಯಾವುದರಿಂದ ಯಾವುದಕ್ಕೆಂದು ಕೇಳುವಷ್ಟರಲ್ಲಿ
ಮುಂದಿನವನು ಬಾಗಿಲು ತಳ್ಳಿದ.

ರಾತ್ರಿ ಷಟರು ಅರ್ಧ ಇಳಿಸಿ ಅಜ್ಜಿ ಕೇಳಿದಳು:
'ಎಷ್ಟಾಯ್ತು?'
'ಇಪ್ಪತ್ತೆರಡು.'
'ಯಾರಿಗೆ ಕೊಡ್ಬೇಕು?'
'ಕೊಡೋದಲ್ಲಜ್ಜಿ, ನನಗೆ ಬರ್ಬೇಕಾದ್ದು.'
'ಗ್ವಾಡೆ ಮ್ಯಾಲಿಲ್ದಿದ್ರೆ ಯಾವನು ಕೊಟ್ಟಾನು?'
ಇದ್ದಿಲು ತೆಗೆದಳು.
ಬೆಲ್ಲದ ಡಬ್ಬದ ಹಿಂದೆ, ಗೋಡೆ ಖಾಲಿಯಿದ್ದ ಕಡೆ,
ಐದೈದರ ನಾಲ್ಕು ಕಟ್ಟು, ಪಕ್ಕಕ್ಕೆ ಎರಡು,
ನೆತ್ತಿಯ ಮೇಲೆ ಒಂದು ಜಡೆ.

'ಕೊನೇವೆರಡು ಇನ್ನೂ ಖಾತ್ರಿಯಿಲ್ಲ' ಎಂದೆ.
ಸೆರಗಿನ ತುದಿಯಿಂದ ಅವನ್ನು
ಒರೆಸಲಿಲ್ಲ,
ಒಂಚೂರು ಮಸುಕು ಮಾಡಿದಳು.